ಸುಳ್ಳಿಗೆ ಸ್ವಂತ ಪಕ್ಷದವರೇ ಮದ್ದು

ಅಮೆರಿಕದ ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ಗೆ ಹೈಟಿ ದೇಶದ ಸಾವಿರಾರು ಜನ ಬಂದದ್ದು ದುಡಿಮೆ ಹುಡುಕಿಕೊಂಡು, ನಾವು ಮುಂಬೈಗೆ ಬಂದ ಹಾಗೆ. 2024ರ ಸೆಪ್ಟೆಂಬರ್ 10ರ ಚುನಾವಣಾ ಚರ್ಚೆಯಲ್ಲಿ ಡೊನಾಲ್ಡ್ ಟ್ರಂಪ್, ಅವರು ಊರವರ ನಾಯಿ, ಬೆಕ್ಕು ತಿನ್ನುತ್ತಿದ್ದಾರೆ ಎಂದುಬಿಟ್ಟರು. ಪುರಾವೆ ಇಲ್ಲವೆಂದು ನಗರಾಡಳಿತ ಹೇಳಿದರೂ ಬಾಂಬ್ ಬೆದರಿಕೆಗಳು ಬಂದವು. ಶಾಲೆಗಳಿಂದ ಮಕ್ಕಳನ್ನು ಹೊರಗೆ ಕಳುಹಿಸಬೇಕಾಯಿತು.

ಇದು ಒಂದೇ ಪಕ್ಷದ ಚಾಳಿಯಲ್ಲ. 1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಲಿಂಡನ್ ಜಾನ್ಸನ್ ಅವರ ಜಾಹೀರಾತು, ಹೂವಿನ ಎಸಳು ಎಣಿಸುವ ಪುಟ್ಟ ಹುಡುಗಿಯ ಬೆನ್ನಿಗೇ ಅಣುಬಾಂಬ್ ಸ್ಫೋಟ ತೋರಿಸಿ, ಎದುರಾಳಿ ಗೆದ್ದರೆ ಸರ್ವನಾಶ ಎಂಬ ಭಯ ಬಿತ್ತಿತ್ತು.

ಮದ್ದು ಯಾವುದೆಂದು ಒಹಾಯೊದ ರಿಪಬ್ಲಿಕನ್ ಗವರ್ನರ್ ಮೈಕ್ ಡಿವೈನ್ ತೋರಿಸಿದರು. ಟ್ರಂಪ್ ಬೆಂಬಲಿಗನೆಂದು ಹೇಳಿಕೊಂಡೇ, ಆ ಮಾತಿಗೆ ಆಧಾರವಿಲ್ಲ ಎಂದು ಬರೆದರು. ಎದುರು ಪಕ್ಷ ಸುಳ್ಳೆಂದರೆ ಯಾರೂ ಕೇಳುವುದಿಲ್ಲ. ಸ್ವಂತ ಮನೆಯವರು ಹೇಳಿದರೆ ಕೇಳುವ ಕಿವಿ ನಾಲ್ಕಾದರೂ ಇರುತ್ತವೆ.

1960ರ ದಶಕದಲ್ಲಿ ಮುಂಬೈಯಲ್ಲಿ ದಕ್ಷಿಣದವರು ಕೆಲಸ ಕಸಿಯುತ್ತಾರೆ ಎಂಬ ಕೂಗೆದ್ದಾಗ ಉಡುಪಿ ಹೋಟೆಲುಗಳ ಮೇಲೆ ದಾಳಿಯಾಗಿತ್ತು. ಹೊರಗಿನವರ ಪಾಡು ಬಲ್ಲ ನಾವು, ಇಷ್ಟದ ಪಕ್ಷದಿಂದಲೇ ಬಂದರೂ ಅಂಥ ವಾಟ್ಸ್‌ಆ್ಯಪ್ ಸಂದೇಶವನ್ನು ಮುಂದಕ್ಕೆ ಕಳಿಸಬಾರದು. ‘ಇದು ಸುಳ್ಳು’ ಎಂದು ಅದೇ ಗ್ರೂಪಿನಲ್ಲಿ ಬರೆಯಬೇಕು.