ಸ್ವಿಚ್ ಕಂಡ್ರೆ ಮೂಗು ಮುರಿಯೋರಿಗೆ

ಇಂಟರ್‌ವ್ಯೂಗಳಲ್ಲಿ ಒಂದು ಕೆಟ್ಟ ಚಾಳಿ ಇದೆ. ಪಿಎಚ್‌ಪಿ ಗೊತ್ತು ಅಂದ ಹುಡುಗನ ಹಳೇ ಕೋಡ್ ತೆಗೆದು ನೋಡೋದು, ಅದರಲ್ಲಿ ಸ್ವಿಚ್ ಹಾಕಿ ಪುಟಗಳನ್ನ ಇನ್‌ಕ್ಲೂಡ್ ಮಾಡಿದ್ದರೆ ಪಕ್ಕದವರ ಮುಖ ನೋಡಿ ನಗೋದು. "ಫ್ರೇಮ್‌ವರ್ಕ್ ಬರಲ್ವಾ?" ಅಂತ ಮೇಲೊಂದು ಕುಟುಕು. ಆ ಹುಡುಗ ಮನೆಗೆ ಹೋದವನೇ ಸ್ವಿಚ್ ಕಿತ್ತು ಬಿಸಾಕ್ತಾನೆ. ಅದರ ಜಾಗದಲ್ಲಿ ಏನು ಬರೀತಾನೆ ಅನ್ನೋದೇ ನನ್ನ ತಕರಾರು.

ಅವನು ಮೊದಲು ಬರೆದದ್ದೇನು ನೋಡಿ. ಇಡೀ ಸೈಟಿಗೆ ಬಾಗಿಲು ಒಂದೇ, ಇಂಡೆಕ್ಸ್ ಫೈಲು. ವಿಳಾಸದ ಕೊನೆಯಲ್ಲಿ ಪೇಜ್ ಅಂತ ಒಂದು ಹೆಸರು. ಅದಕ್ಕೆ ಕೊಟ್ಟ ಪದ, ಉದಾಹರಣೆಗೆ 'ಅಬೌಟ್', ಗೆಟ್ ಅನ್ನೋ ಅರೇಯೊಳಗೆ ಬಂದು ಕೂರುತ್ತೆ. ಸ್ವಿಚ್ ಅದನ್ನ ಒಂದೊಂದೇ ಕೇಸಿಗೆ ಹೋಲಿಸುತ್ತೆ. ಹೊಂದಿದರೆ ಆ ಫೈಲನ್ನ ಇನ್‌ಕ್ಲೂಡ್ ಮಾಡಿ, ಬ್ರೇಕ್ ಅಂದು ಹೊರಬರುತ್ತೆ. ಯಾವುದಕ್ಕೂ ಹೊಂದದಿದ್ದರೆ ಡಿಫಾಲ್ಟ್, ಅಂದ್ರೆ 404. (404 ಅಂತ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದರೆ ಸಾಲದು ಕಣ್ರೀ, ಸ್ಟೇಟಸ್ ಕೋಡ್ ಕಳಿಸಬೇಕು, ಅದೂ ಪುಟದ ಒಂದಕ್ಷರ ಹೊರಗೆ ಹೋಗೋ ಮೊದಲೇ.) ನಿನ್ನೆ ಕೆಲಸಕ್ಕೆ ಸೇರಿದವರೂ ಓದಿ ಅರ್ಥ ಮಾಡ್ಕೋಬಹುದು.

ನಕ್ಕ ಮೇಲೆ ಅವನು ಇದನ್ನ 'ಸ್ಮಾರ್ಟ್' ಮಾಡ್ತಾನೆ. ಇಪ್ಪತ್ತು ಕೇಸ್ ಯಾಕೆ, ವಿಳಾಸದಲ್ಲಿ ಬಂದ ಪದಕ್ಕೆ ಡಾಟ್ ಪಿಎಚ್‌ಪಿ ಬಾಲ ಅಂಟಿಸಿ ನೇರ ಇನ್‌ಕ್ಲೂಡ್ ಮಾಡಿದರೆ ಒಂದೇ ಸಾಲು! ದರ್ಶಿನಿಯಲ್ಲಿ ಬೋರ್ಡ್ ಮೇಲಿರೋದಕ್ಕೆ ಮಾತ್ರ ಟೋಕನ್ ಸಿಗುತ್ತೆ. ಇವನು ಬೋರ್ಡ್ ಇಳಿಸಿ, ಬಂದವರನ್ನೆಲ್ಲ ಅಡುಗೆಮನೆಗೇ ಬಿಟ್ಟ.

ಒಳಗೆ ಬಂದವರು ಸುಮ್ನಿರ್ತಾರಾ? ಎರಡು ಚುಕ್ಕಿ, ಒಂದು ಸ್ಲ್ಯಾಶ್ ಕೊಟ್ಟು ಫೋಲ್ಡರ್ ಫೋಲ್ಡರೇ ಹತ್ತಿ ಬೇರೆ ಕಡೆಯ ಪಿಎಚ್‌ಪಿ ಫೈಲುಗಳನ್ನ ಓಡಿಸಬಹುದು. ಪದದ ಹಿಂದೆ ಫೋಲ್ಡರ್ ಹೆಸರೂ ಇಲ್ಲದಿದ್ದರಂತೂ ಪಿಎಚ್‌ಪಿಯದ್ದೇ ಫಿಲ್ಟರ್ ಬಳಸಿ ಕಾನ್ಫಿಗ್ ಫೈಲನ್ನ ಬೇಸ್64 ರೂಪದಲ್ಲಿ ಓದಬಹುದು, ಡೇಟಾಬೇಸ್ ಪಾಸ್‌ವರ್ಡ್ ಸಮೇತ. ಪರಸ್ಥಳದ ಸರ್ವರಿನಿಂದ ಕೋಡ್ ಎಳೆದು ತರೋ ದಾರಿಗೆ 2006ರ 5.2 ಆವೃತ್ತಿ ಬೀಗ ಹಾಕಿತು. ನಲ್ ಬೈಟ್ ಸೇರಿಸಿ ಆ ಡಾಟ್ ಪಿಎಚ್‌ಪಿ ಬಾಲವನ್ನೇ ಕತ್ತರಿಸೋ ಆಟ 2010ರ 5.3.4ರಲ್ಲಿ ನಿಂತಿತು. ಆದ್ರೆ ಮೇಲೆ ಹೇಳಿದ ಎರಡು ದಾರಿಗಳನ್ನ ಭಾಷೆ ಮುಚ್ಚಿಲ್ಲ, ಮುಚ್ಚಬೇಕಾದವನು ಬರೆಯೋನೇ. ಸ್ವಿಚ್ಚಿನಲ್ಲಿ ಅವು ತಾನಾಗೇ ಮುಚ್ಚಿದ್ದವು, ಯಾಕಂದ್ರೆ ಅಲ್ಲಿ ಬಳಕೆದಾರ ಕೊಟ್ಟ ಪದ ಇನ್‌ಕ್ಲೂಡ್‌ವರೆಗೆ ಹೋಗೋದೇ ಇಲ್ಲ. ಇನ್‌ಕ್ಲೂಡ್ ಆಗೋದು ನಾವೇ ಬರೆದಿಟ್ಟ ಹೆಸರು.

ಸ್ವಿಚ್ಚಿಗೆ ಕಾಯಿಲೆಗಳಿಲ್ಲ ಅಂತಲ್ಲ. ಒಂದು ಬ್ರೇಕ್ ಮರೆತರೆ 'ಅಬೌಟ್' ಪುಟದ ಬೆನ್ನಿಗೇ 'ಕಾಂಟ್ಯಾಕ್ಟ್' ಪುಟವೂ ಬಂದು ನಿಲ್ಲುತ್ತೆ. ಫೈಲ್ ಕಳೆದುಹೋಗಿದ್ದರೂ ಇನ್‌ಕ್ಲೂಡ್ ಒಂದು ವಾರ್ನಿಂಗ್ ಕೊಟ್ಟು ಮುಂದೆ ಸಾಗುತ್ತೆ. ಅಲ್ಲಿ ರಿಕ್ವೈರ್ ಹಾಕಿ. 2020ರ ಪಿಎಚ್‌ಪಿ 8ರಲ್ಲಿ ಬಂದ ಮ್ಯಾಚ್‌ಗೆ ಬ್ರೇಕಿನ ಗೊಡವೆಯೇ ಇಲ್ಲ, ಹೋಲಿಕೆಯೂ ಬಿಗಿ. ಪುಟ ಹೆಚ್ಚಾದರೆ ಹೆಸರು-ಫೈಲುಗಳ ಒಂದು ಅರೇ ಸಾಕು. ವಿಳಾಸದೊಳಗೆ ಐಡಿಗಳು, ಗೆಟ್-ಪೋಸ್ಟ್ ಬೇರೆ ಬೇರೆ, ಪುಟಪುಟಕ್ಕೂ ಲಾಗಿನ್ ತಪಾಸಣೆ ಅಂತ ಶುರುವಾದಾಗ ಫ್ರೇಮ್‌ವರ್ಕ್ ತನ್ನಿ, ಬೇಡ ಅಂದೋರ್ಯಾರು? ಆದ್ರೆ ಐದು ಪುಟದ ಸೈಟಿಗೆ ಲಾರಾವೆಲ್ ಇಳಿಸಿ, ಸಾವಿರಾರು ಫೈಲುಗಳ ವೆಂಡರ್ ಫೋಲ್ಡರ್ ಹೊತ್ತು ತಿರುಗೋದು ಜಾಣತನ ಅನ್ಬೇಡಿ. ಅದರ ರೌಟ್ ಫೈಲ್ ತೆಗೆದು ನೋಡಿ: ಈ ವಿಳಾಸ ಬಂದರೆ ಇವರ ಹತ್ತಿರ ಕಳಿಸು ಅನ್ನೋ ಪಟ್ಟಿ! ನೀವು ನಕ್ಕಿದ್ದೂ ಇಂಥ ಪಟ್ಟಿಗೇ.

ಇಂಟರ್‌ವ್ಯೂನಲ್ಲಿ ಕೇಳಲೇಬೇಕು ಅಂದ್ರೆ ಇದನ್ನ ಕೇಳಿ: "ಪೇಜ್ ಹೆಸರಿನ ಜಾಗದಲ್ಲಿ ಎರಡು ಚುಕ್ಕಿ, ಸ್ಲ್ಯಾಶ್ ಕೊಟ್ರೆ ನಿನ್ನ ಕೋಡ್ ಏನ್ ಮಾಡುತ್ತಪ್ಪಾ?" ಸ್ವಿಚ್ ಬರೆದವನು ಯೋಚನೆ ಮಾಡದೆ ಹೇಳ್ತಾನೆ, 404 ಸರ್ ಅಂತ.