ಬೆಳೆದ ಮರಕ್ಕೂ ಚಿಗುರು ಬರುತ್ತದೆ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಗಣಕಯಂತ್ರದ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು ಈ ಗಾದೆಯ ಹಿಂದೆ ಅಡಗಿ ಕೂರುತ್ತಾರೆ. ನಲವತ್ತು ದಾಟಿದ ನಮ್ಮ ಕೆಲವು ಸಹೋದ್ಯೋಗಿಗಳ ಬಾಯಲ್ಲೂ ಇದೇ ಮಾತು. ಗಾದೆ ಸುಳ್ಳಾಗದೇ ಇರಬಹುದು, ಆದರೆ ಕಂಪ್ಯೂಟರ್ ಕಲಿಯಲು ಮರ ಬಗ್ಗಬೇಕಾಗಿಲ್ಲ. ಒಂದು ಹೊಸ ಚಿಗುರು ಬಂದರೆ ಸಾಕು.

ನಾವು ಟಿ.ಸಿ.ಎಚ್. ಕಲಿತ ಕಾಲದಲ್ಲಿ ಪಾಠೋಪಕರಣ ಎಂದರೆ ಚಾರ್ಟು, ಮಿಂಚುಪಟ್ಟಿ, ಸುತ್ತುಹಲಗೆ. ಕಪ್ಪುಹಲಗೆಯ ಮೇಲೆ ಅಕ್ಷರ ದುಂಡಗೆ ಬಂದರೆ ಅದೇ ದೊಡ್ಡ ವಿದ್ಯೆ. ಗಡಿಯ ಈಚೆ, ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕೆಲಸಕ್ಕೆ ಸೇರಿದ ಮೇಲೆಯೇ ನಮ್ಮಲ್ಲಿ ಹೆಚ್ಚಿನವರು ಇಲಿಯ ಬಾಲ ಹಿಡಿದದ್ದು. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. 2017ರಲ್ಲಿ ಅದೇ ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಗಳಿಗೆ ಗಣಕಗಳು ಬಂದವು, ಸ್ವತಂತ್ರ ತಂತ್ರಾಂಶ ಬಂತು, ರಜೆಯಲ್ಲಿ ತರಬೇತಿಗಳು ಬಂದವು. 2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ತರಗತಿ ಆರಂಭವಾದ ಮೇಲಂತೂ ಫೋನು ಮುಟ್ಟಲು ಹೆದರುತ್ತಿದ್ದ ಶಿಕ್ಷಕರೂ ವಿಡಿಯೊ ಕಳಿಸುವಂತಾದರು. ಅಗತ್ಯ ಬಿದ್ದಾಗ ನಾವು ಕಲಿತೆವು. ಹಾಗಾಗಿ ವಯಸ್ಸು ಅಡ್ಡಿ ಎಂಬ ಮಾತನ್ನು ನಾವಂತೂ ಒಪ್ಪುವುದಿಲ್ಲ.

ಕೇರಳದ ಚರಿತ್ರೆಯೂ ಅದನ್ನೇ ಹೇಳುತ್ತದೆ. 1991ರ ಏಪ್ರಿಲ್ 18ರಂದು ಕೋಝಿಕ್ಕೋಡಿನಲ್ಲಿ ಈ ರಾಜ್ಯ ಸಂಪೂರ್ಣ ಸಾಕ್ಷರವಾಯಿತೆಂದು ಘೋಷಿಸಿದವರು ಯಾವ ಮಂತ್ರಿಯೂ ಅಲ್ಲ, ವಯಸ್ಸಾದ ಮೇಲೆ ಅಕ್ಷರ ಕಲಿತ ಚೇಲಕ್ಕೋಡನ್ ಆಯಿಷಾ ಎಂಬ ಹೆಂಗಸು. 2025ರ ಆಗಸ್ಟ್ 21ರಂದು ಇದೇ ರಾಜ್ಯ ಸಂಪೂರ್ಣ ಡಿಜಿಟಲ್ ಸಾಕ್ಷರತೆಯ ಘೋಷಣೆಯನ್ನೂ ಮಾಡಿತು. ಡಿಜಿ ಕೇರಳ ಯೋಜನೆಯಲ್ಲಿ ಸುಮಾರು 21.87 ಲಕ್ಷ ಮಂದಿ ತರಬೇತಿ ಪಡೆದರು. ನೂರು ದಾಟಿದ ಅಜ್ಜಂದಿರೂ ಅವರಲ್ಲಿದ್ದರು. ಸಂತೋಷದ ವಿಷಯವೇ!

ಆದರೆ ನಮ್ಮ ಪ್ರಶ್ನೆ ಬೇರೆ. ಕಲಿತದ್ದು ಯಾವ ಭಾಷೆಯಲ್ಲಿ? ನಮ್ಮ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಒಬ್ಬ ಅಜ್ಜಿ ವಿಡಿಯೊ ಕರೆ ಮಾಡಲು ಕಲಿತಿರಬಹುದು. ಆ ಫೋನಿನಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲು ಅವಳಿಗೆ ಯಾರಾದರೂ ಹೇಳಿಕೊಟ್ಟರೇ?

ಇದು ಬರಿಯ ಅಭಿಮಾನದ ಮಾತಲ್ಲ, ನಿತ್ಯದ ವ್ಯವಹಾರದ ಮಾತು. ಕನ್ನಡ ಶಾಲೆಯ ಕಚೇರಿಯಲ್ಲಿ ಕನ್ನಡ ಬೆರಳಚ್ಚು ಬಲ್ಲವರು ಒಬ್ಬರೂ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಪೋಷಕರ ಸಭೆಯ ನೋಟೀಸು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಹೊರಡುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಚಾಳಿ ಹತ್ತುತ್ತದೆ. ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಪೇಟೆಯ ಡಿಟಿಪಿ ಅಂಗಡಿಗೆ ಓಡಬೇಕಾಗುತ್ತದೆ. ಯಾರೂ ಕನ್ನಡವನ್ನು ಹೊರಗೆ ಹಾಕಲಿಲ್ಲ, ಆದೇಶವೂ ಬರಲಿಲ್ಲ. ಆದರೂ ಅದು ಸದ್ದಿಲ್ಲದೆ ಶಾಲೆಯ ಕಾಗದಪತ್ರದಿಂದ ಇಳಿದು ಹೋಯಿತು. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಹಕ್ಕು ಕಾಯ್ದೆಯ ಪುಸ್ತಕದಲ್ಲಿದೆ. ಅದನ್ನು ಚಲಾಯಿಸಲು ಈ ಕಾಲದಲ್ಲಿ ಲೇಖನಿಯ ಜೊತೆ ಕೀಲಿಮಣೆಯೂ ಬೇಕು.

"ಕನ್ನಡ ಟೈಪಿಂಗ್ ಕಷ್ಟ" ಎನ್ನುವವರಿಗೆ ಒಂದು ಗುಟ್ಟು ಹೇಳುತ್ತೇವೆ. ಕೇರಳದ ಶಾಲಾ ತರಬೇತಿಗಳಲ್ಲಿ ಮಲಯಾಳಕ್ಕೆ ಕಲಿಸುವುದು ಇನ್‌ಸ್ಕ್ರಿಪ್ಟ್ ಕೀಲಿಮಣೆ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಜೋಡಣೆ ಎಂಬುದೇ ಅದರ ವಿಶೇಷ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಮಲಯಾಳದ 'ಕ' ಇರುವ ಕೆ ಕೀಲಿಯಲ್ಲೇ ಕನ್ನಡದ 'ಕ' ಇದೆ. 'ಮ' ಎರಡರಲ್ಲೂ ಸಿ ಕೀಲಿಯಲ್ಲಿ, 'ಲ' ಎರಡರಲ್ಲೂ ಎನ್ ಕೀಲಿಯಲ್ಲಿ. ಅಂದರೆ ಕೆ, ಸಿ, ಎನ್ ಒತ್ತಿದರೆ 'ಕಮಲ' ಸಿದ್ಧ! ಒತ್ತಕ್ಷರ ಬೇಕಾದಲ್ಲಿ ನಡುವೆ ಡಿ ಒತ್ತಿದರಾಯಿತು. ಮಲಯಾಳದ ತರಬೇತಿಗೆ ಹೋಗಿ ಬಂದ ಕನ್ನಡ ಶಿಕ್ಷಕರ ಬೆರಳಿಗೆ ಕನ್ನಡ ಆಗಲೇ ಬಂದಿದೆ. ಗಣಕದಲ್ಲಿ ಭಾಷೆ ಬದಲಿಸುವುದಷ್ಟೇ ಬಾಕಿ. ಆದರೆ ಇದನ್ನು ತರಬೇತಿಯಲ್ಲಿ ನಮಗೆ ಯಾರೂ ಹೇಳಲಿಲ್ಲ.

ಇಂಗ್ಲಿಷ್ ಅಕ್ಷರಗಳ ಅಭ್ಯಾಸ ಇದ್ದವರಿಗೆ ಕೆ.ಪಿ. ರಾವ್ ಅವರ ಜೋಡಣೆ ಸುಲಭ. ನುಡಿ ಬಳಸಿದವರಿಗೆ ಅದು ಪರಿಚಿತವೇ. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ, ಒತ್ತಕ್ಷರಕ್ಕೆ ಎಫ್. ನಮ್ಮ ಶಾಲೆಗಳ ಲಿನಕ್ಸ್ ಗಣಕದಲ್ಲೂ ಇದನ್ನು ಸೇರಿಸಿಕೊಳ್ಳಬಹುದು. ಯಾವುದಾದರೂ ಒಂದನ್ನು ಹಿಡಿಯಿರಿ, ಎರಡನ್ನೂ ಬೆರೆಸಬೇಡಿ. ಇನ್ನೊಂದು ಮಾತು, ಬರೆಯುವುದೆಲ್ಲ ಯೂನಿಕೋಡಿನಲ್ಲೇ ಇರಲಿ. ಹಳೆಯ ಬರಹ, ನುಡಿ ಅಕ್ಷರಶೈಲಿಯಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಗಳನ್ನು ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳೇ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ರಜೆಯಲ್ಲಿ ಆ ಕೆಲಸ ಮಾಡಿಟ್ಟರೆ ಮುಂದೆ ಬರುವ ಶಿಕ್ಷಕರು ನಮ್ಮನ್ನು ನೆನೆಯುತ್ತಾರೆ.

"ಈಗ ಎಲ್ಲ ಫೋನಿನಲ್ಲೇ ಆಗುತ್ತದಲ್ಲ, ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ, ಮತ್ತೇಕೆ ಈ ಕಷ್ಟ?" ಎಂದು ಕೇಳುವವರಿದ್ದಾರೆ. ಮಾತಿಗೆ ಬರೆಯುವ ಸೌಲಭ್ಯ ಒಳ್ಳೆಯದೇ, ಕಣ್ಣು ಮಂಜಾದವರಿಗೆ ವರವೇ. ಆದರೆ ಅದು ತಿದ್ದಿ ಬರೆಯುವ ಕೆಲಸವನ್ನು ನಮ್ಮಿಂದ ತೆಗೆದು ಹಾಕುವುದಿಲ್ಲ. ನಮ್ಮೂರಿನ ಹವಿಗನ್ನಡ ಕೇಳಿದರೆ ಅದು ಏನೇನೋ ಬರೆದಿಡುತ್ತದೆ! "ಮೊಮ್ಮಕ್ಕಳು ಮಾಡಿಕೊಡುತ್ತಾರೆ" ಎಂಬುದು ಇನ್ನೊಂದು ಉತ್ತರ. ಮೊಮ್ಮಕ್ಕಳು ಬೆಂಗಳೂರಿಗೋ ಕೊಲ್ಲಿಗೋ ಹೋದ ಮೇಲೆ? ಪಿಂಚಣಿಯ ವಿವರ, ಬ್ಯಾಂಕಿನ ಲೆಕ್ಕ, ಒಟಿಪಿ ಎಲ್ಲವನ್ನೂ ಬೇರೆಯವರ ಕೈಗೆ ಕೊಟ್ಟು ಕೂರುವುದು ಎಷ್ಟು ಸರಿ? ತನ್ನ ಪತ್ರವನ್ನು ತಾನೇ ಓದಿಕೊಳ್ಳುವುದಕ್ಕೇ ಅಲ್ಲವೇ ಹಿಂದೆ ನಮ್ಮ ಹಿರಿಯರು ರಾತ್ರಿ ಶಾಲೆಗೆ ಹೋದದ್ದು?

ನಮ್ಮ ಸಲಹೆ ಸರಳ. ಪ್ರತಿ ಕನ್ನಡ ಶಾಲೆಯ ಗಣಕ ಕೊಠಡಿ ಶನಿವಾರ ಮಧ್ಯಾಹ್ನ ಒಂದು ಗಂಟೆ ಪೋಷಕರಿಗೆ, ಅಜ್ಜ ಅಜ್ಜಿಯರಿಗೆ ತೆರೆಯಲಿ. ಮುಖ್ಯೋಪಾಧ್ಯಾಯರು ಮತ್ತು ಪಿ.ಟಿ.ಎ. ಮನಸ್ಸು ಮಾಡಿದರೆ ಸಾಕು. ಆರು ಶನಿವಾರ ಎಂದಿಟ್ಟುಕೊಳ್ಳೋಣ. ಮೊದಲ ವಾರ ಗಣಕ ತೆರೆಯುವುದು, ಮುಚ್ಚುವುದು, ಇಲಿ ಆಡಿಸುವುದು. ಎರಡನೆಯ ವಾರ ಕನ್ನಡದಲ್ಲಿ ತಮ್ಮ ಹೆಸರು, ಊರು, ಮನೆಯ ಹೆಸರು. ಮೂರನೆಯ ವಾರ ನಾಲ್ಕು ಸಾಲಿನ ಪತ್ರ. ನಾಲ್ಕನೆಯ ವಾರ ಕನ್ನಡದಲ್ಲಿ ಹುಡುಕುವುದು, ಕನ್ನಡ ಪತ್ರಿಕೆ ಓದುವುದು. ಐದನೆಯ ವಾರ ಮಿಂಚಂಚೆ. ಆರನೆಯ ವಾರ ಎಚ್ಚರಿಕೆಯ ಪಾಠ: ಒಟಿಪಿಯನ್ನು ಯಾರಿಗೂ ಹೇಳಬಾರದು, 'ಡಿಜಿಟಲ್ ಅರೆಸ್ಟ್' ಎಂಬುದು ಕಾನೂನಿನಲ್ಲೇ ಇಲ್ಲ, ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು.

ಕಲಿಸಲು ಪ್ರೌಢಶಾಲೆಯ ಲಿಟ್ಲ್ ಕೈಟ್ಸ್ ಮಕ್ಕಳಿದ್ದಾರೆ. 2022ರಲ್ಲಿ ಕೇರಳದ ಶಾಲೆಗಳಲ್ಲಿ ತಾಯಂದಿರಿಗೆ ಸೈಬರ್ ಸುರಕ್ಷೆಯ ಪಾಠ ಹೇಳಿದವರು ಇವರೇ. ಮಕ್ಕಳಿಗೆ ನಾವು ಒಂದೇ ನಿಯಮ ಹಾಕಬೇಕು: ಹಿರಿಯರ ಕೈಯಿಂದ ಇಲಿ ಕಿತ್ತುಕೊಳ್ಳಬಾರದು. ಬಾಯಲ್ಲಿ ಹೇಳಬೇಕು, ಅವರೇ ಒತ್ತಬೇಕು, ಹತ್ತು ಸಲ ತಪ್ಪಿದರೂ ಕಾಯಬೇಕು. ಒಂದನೇ ತರಗತಿಯ ಮಗು 'ಅ' ತಿದ್ದುವಾಗ ನಾವು ಕಾಯುವುದಿಲ್ಲವೇ? ಅಕ್ಷರ ಸಣ್ಣದಾದರೆ ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿದರೆ ಪುಟ ದೊಡ್ಡದಾಗುತ್ತದೆ. ಕೈ ನಡುಗಿ ಎರಡು ಸಲ ಕ್ಲಿಕ್ ಆಗದಿದ್ದರೆ ಒಂದು ಸಲ ಒತ್ತಿ ಎಂಟರ್ ತಟ್ಟಬಹುದು. ಇಂಥ ಸಣ್ಣ ಉಪಾಯಗಳೇ ಹಿರಿಯರ ಹೆದರಿಕೆ ಬಿಡಿಸುತ್ತವೆ.

ಇದರಲ್ಲಿ ಶಾಲೆಗೂ ಲಾಭವಿದೆ. ಕನ್ನಡ ಮಾಧ್ಯಮಕ್ಕೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂದು ನಾವು ಪ್ರತಿ ಜೂನ್‌ನಲ್ಲಿ ಕೊರಗುತ್ತೇವೆ. ಕನ್ನಡದಲ್ಲಿ ಕಲಿತರೆ ಕಂಪ್ಯೂಟರ್ ಬರುವುದಿಲ್ಲ ಎಂಬ ಭಯ ಅನೇಕ ಮನೆಗಳಲ್ಲಿದೆ. ಅದೇ ಮನೆಯ ಅಮ್ಮ, ಅಜ್ಜ ನಮ್ಮ ಶಾಲೆಯ ಗಣಕದ ಮುಂದೆ ಕುಳಿತು ಕನ್ನಡದಲ್ಲಿ ಪತ್ರ ಬರೆದು ಹೋದರೆ ಆ ಭಯಕ್ಕೆ ಬೇರೆ ಉತ್ತರ ಬೇಕೇ?

ಇದು ನಮ್ಮ ಅಭಿಪ್ರಾಯ. ಹೊಸೂರಿನಲ್ಲಿ, ತಾಳವಾಡಿಯಲ್ಲಿ, ಜತ್ತದಲ್ಲಿ, ಅಕ್ಕಲಕೋಟೆಯಲ್ಲಿ ಕಲಿಸುತ್ತಿರುವ ಮಿತ್ರರೇ, ನಿಮ್ಮಲ್ಲಿ ಗಣಕದ ಪಾಠ ಯಾವ ಭಾಷೆಯಲ್ಲಿ ನಡೆಯುತ್ತಿದೆ? ಬರುವ ಶನಿವಾರ ನಿಮ್ಮ ಗಣಕ ಕೊಠಡಿಯ ಬೀಗ ಯಾರಿಗಾಗಿ ತೆರೆಯುತ್ತೀರಿ?