ಬೂಟಿನಡಿಯ ಸಾಕ್ಷಿ

ಹಾಸ್ಟೆಲಿನ ಗೆಳೆಯರೇ,

ನಮ್ಮ ದೊಡ್ಡಪ್ಪನ ಮಗ ಗೌಡರ ಬಾವಿಯಲ್ಲಿ ಹೆಣವಾಗಿ ತೇಲಿದಾಗ ನಾನು ಪಿಯುಸಿಯಲ್ಲಿದ್ದೆ. ಹಿಂದಿನ ವಾರವಷ್ಟೇ ಕೂಲಿ ಬಾಕಿ ಕೇಳಿ ಮಾತಿಗೆ ಮಾತು ಬೆಳೆದಿತ್ತು. ಬೆಳಿಗ್ಗೆ ಆರಕ್ಕೆ ಸುದ್ದಿ ಮುಟ್ಟಿಸಿದರೆ ಪೊಲೀಸರು ಬಂದದ್ದು ಮಧ್ಯಾಹ್ನ. ಬಂದವರು ಬಾವಿಯ ಕಡೆ ಹೋಗಲಿಲ್ಲ, ಜಗಲಿ ಹತ್ತಿದರು. ಕಾಫಿ ಕುಡಿದರು. ಅಷ್ಟರಲ್ಲಿ ಬಾವಿಯ ಸುತ್ತ ಇಡೀ ಊರೇ ತುಳಿದಾಡಿತ್ತು. ಪಂಚನಾಮೆಯನ್ನೂ ಜಗಲಿಯ ಮೇಲೇ ಬರೆದರು. ಪಂಚರು ಯಾರು? ಗೌಡರ ಅಳಿಯ ಒಬ್ಬ, ಗೌಡರ ಆಳು ಒಬ್ಬ. 'ಕಾಲು ಜಾರಿ ಬಿದ್ದು ಸತ್ತ.' ನಾಲ್ಕೇ ಪದ. ಆಸ್ಪತ್ರೆಯಲ್ಲಿ ಕೊಯ್ದು ಹೊಲಿದು ಕೊಟ್ಟರು. ಏನು ಕೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ. ಸಂಜೆಗೆ ಮಣ್ಣು ಮಾಡಿದೆವು.

ಇವತ್ತು ಗೊತ್ತು. ಅದಕ್ಕೇ ಬರೀತಿದ್ದೀನಿ.

ಜೀವ ಇರುವವನು ನೀರಿಗೆ ಬಿದ್ದರೆ, ಒಳಗೆಳೆದ ನೀರಿನ ಜೊತೆ ಡಯಾಟಮ್ ಅನ್ನೋ ಕಣ್ಣಿಗೆ ಕಾಣದ ಪಾಚಿ ಶ್ವಾಸಕೋಶಕ್ಕೆ ಹೋಗುತ್ತೆ, ರಕ್ತದಲ್ಲಿ ಹರಿದು ಮೂಳೆಯ ಮಜ್ಜೆ ಸೇರುತ್ತೆ. ಕೊಂದು ಎಸೆದ ಹೆಣದಲ್ಲಿ ರಕ್ತ ಓಡೋದಿಲ್ಲ. ಬಾವಿಯ ನೀರನ್ನೂ ಮಜ್ಜೆಯನ್ನೂ ಜೊತೆಗಿಟ್ಟು ನೋಡಬೇಕು. ಅದೊಂದೇ ಸಾಲದು, ಮೈಮೇಲಿನ ಗಾಯಗಳನ್ನೂ ಸೇರಿಸಿ ಓದಬೇಕು. ನೇಣು ಹಾಕಿಕೊಂಡವರ ಕುತ್ತಿಗೆಯ ಗೆರೆ ಸಾಮಾನ್ಯವಾಗಿ ಓರೆಯಾಗಿ ಕಿವಿಯತ್ತ ಏರುತ್ತೆ. ಹಗ್ಗ ಬಿಗಿದು ಕೊಂದರೆ ಅಡ್ಡಲಾಗಿ ಸುತ್ತುತ್ತೆ. ಬೆಂಕಿಯಲ್ಲಿ ಉಸಿರಾಡುತ್ತಾ ಬೆಂದವರ ಶ್ವಾಸನಾಳದೊಳಗೆ ಮಸಿ ಕೂತಿರುತ್ತೆ. ಹೆಣ ಮಾತಾಡುತ್ತೆ, ಗೆಳೆಯರೇ. ಕೇಳೋ ಕಿವಿ ಇಲ್ಲ ಅಷ್ಟೇ.

1910ರಲ್ಲಿ ಫ್ರಾನ್ಸಿನ ಲಿಯಾನ್ ಊರಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದವನು ಎಡ್ಮಂಡ್ ಲೊಕಾರ್ಡ್. ಅವನ ತತ್ವ ಇಷ್ಟು: ಮುಟ್ಟಿದ್ದೆಲ್ಲ ಗುರುತು ಬಿಡುತ್ತೆ. ಮುಟ್ಟಿದರೆ ಮೈಲಿಗೆ ಅನ್ನೋ ಈ ದೇಶಕ್ಕೆ ಈ ಮಾತು ಎಲ್ಲರಿಗಿಂತ ಮೊದಲು ಅರ್ಥವಾಗಬೇಕಿತ್ತು! ಹಗಲು ನಮ್ಮನ್ನು ಮುಟ್ಟದವರು ರಾತ್ರಿ ಕೊಲ್ಲುವಾಗ ಮುಟ್ಟುತ್ತಾರೆ. ಮುಟ್ಟಿದ ಕೈ ನೂಲು ಬಿಡುತ್ತೆ, ಕೂದಲು ಬಿಡುತ್ತೆ, ಚರ್ಮದ ಕಣ ಬಿಡುತ್ತೆ. ಆ ಗುರುತನ್ನು ಅಳಿಸೋಕೆ ಗಂಗಾಜಲ ಬೇಕಾಗಿಲ್ಲ. ತಡವಾಗಿ ಬರೋ ಒಂದು ಜೀಪು ಸಾಕು.

ಕಂಬಾಲಪಲ್ಲಿಯನ್ನು ಮರೆತಿರಾ? 2000ದ ಮಾರ್ಚ್ 11. ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕು. ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದರು ಅಂತ ನಮ್ಮವರನ್ನೇ ಬೈಯೋ ಬುದ್ಧಿವಂತರಿದ್ದಾರೆ. ನಾಳೆಯ ಕೂಲಿ ಯಾರ ಹೊಲದಲ್ಲಿದೆಯೋ ಅವನ ಎದುರೇ ಕಟಕಟೆ ಹತ್ತಿ ನಿಲ್ಲೋದು ಸುಲಭವಾ ಸ್ವಾಮಿ? ಮನುಷ್ಯನಿಗೆ ಹೊಟ್ಟೆ ಇದೆ, ಮಕ್ಕಳಿದ್ದಾರೆ. ರಕ್ತದ ಕಲೆಗೆ ಹೊಟ್ಟೆಯಿಲ್ಲ. ಬೂದಿಗೆ ಭಯವಿಲ್ಲ. ಬಡವನ ನಾಲಿಗೆಯ ಮೇಲೆ ಇಡೀ ಕೇಸಿನ ಭಾರ ಹೇರಬೇಡಿ ಅಂತ ನಾವು ಕೇಳೋದು ಇದಕ್ಕೇ.

ಹಾಗಂತ ಪ್ರಯೋಗಾಲಯವನ್ನು ದೇವಸ್ಥಾನ ಮಾಡಿಕೊಳ್ಳಬೇಡಿ. ಹತ್ರಾಸ್ ನೋಡಿ. 2020ರ ಸೆಪ್ಟೆಂಬರ್ 14ಕ್ಕೆ ಹತ್ತೊಂಬತ್ತು ವರ್ಷದ ದಲಿತ ಹುಡುಗಿಯ ಮೇಲೆ ದಾಳಿ. ಅತ್ಯಾಚಾರದ ವೈದ್ಯಕೀಯ ಪರೀಕ್ಷೆ ನಡೆದದ್ದು 22ಕ್ಕೆ. ಇಂಥ ಗುರುತುಗಳನ್ನು 96 ಗಂಟೆಯೊಳಗೆ ಹಿಡಿಯಬೇಕು ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತೆ. ಅವಳು 29ಕ್ಕೆ ತೀರಿಕೊಂಡಳು. ಅದೇ ರಾತ್ರಿ, ಬೆಳಗಾಗುವ ಮೊದಲೇ, ಪೊಲೀಸರು ಹೆಣ ಸುಟ್ಟರು. ಆಮೇಲೆ ದೊಡ್ಡ ಅಧಿಕಾರಿಯೊಬ್ಬರು ಲ್ಯಾಬಿನ ವರದಿ ಹಿಡಿದು ವೀರ್ಯ ಸಿಕ್ಕಿಲ್ಲ, ಹಾಗಾಗಿ ಅತ್ಯಾಚಾರ ಆಗಿಲ್ಲ ಎಂದರು. ಕಾನೂನಿನಲ್ಲಿ ಅತ್ಯಾಚಾರಕ್ಕೆ ವೀರ್ಯ ಸಿಗಲೇಬೇಕು ಅಂತ ಎಲ್ಲಿದೆ? ಸಿಬಿಐ ಡಿಸೆಂಬರಿನಲ್ಲಿ ಸಾಮೂಹಿಕ ಅತ್ಯಾಚಾರ, ಕೊಲೆ ಅಂತಲೇ ಆರೋಪಪಟ್ಟಿ ಹಾಕಿತು. 2023ರ ಮಾರ್ಚಿನಲ್ಲಿ ಕೋರ್ಟು ಮೂವರನ್ನು ಬಿಟ್ಟಿತು. ಒಬ್ಬನಿಗೆ ಶಿಕ್ಷೆಯಾಯಿತು, ಅದೂ ಅತ್ಯಾಚಾರಕ್ಕಲ್ಲ, ಕೊಲೆಗೂ ಅಲ್ಲ. ಮೊದಲು ಹೊತ್ತು ಕಳೆಯೋದು, ಆಮೇಲೆ 'ಏನೂ ಸಿಗಲಿಲ್ಲ' ಅನ್ನೋದು! ಇದು ವಿಜ್ಞಾನವಲ್ಲ, ಬಿಳಿ ಕೋಟು ತೊಟ್ಟ ಜಾತಿ.

ಈ ವಿದ್ಯೆ ನಮ್ಮ ಕೇರಿಗೆ ಮೊದಲು ಬಂದದ್ದೂ ನ್ಯಾಯ ಕೊಡೋಕಲ್ಲ. 1897ರಲ್ಲೇ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. 1911ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ, ಪಟ್ಟಿಗೆ ಸೇರಿಸಿದ ಅಲೆಮಾರಿಗಳ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆಯಬಹುದು ಅಂದಿತು. ಕದ್ದದ್ದಕ್ಕಲ್ಲ, ಹುಟ್ಟಿದ್ದಕ್ಕೆ! 1952ರಲ್ಲಿ ಆ ಕಾಯ್ದೆ ಹೋಯಿತು. ನಮ್ಮ ಬೆರಳಿಗೆ ಮಸಿ ಹಚ್ಚೋ ಅವಸರ ಇದ್ದವರಿಗೆ ನಮ್ಮ ಹೆಣದ ಮೇಲಿನ ಬೆರಳ ಗುರುತು ಹುಡುಕೋ ಪುರುಸೊತ್ತು ಮಾತ್ರ ಬರಲಿಲ್ಲ.

ಈಗ ಹೊಸ ಕಾನೂನಿನ ಭಜನೆ. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನದ ತಜ್ಞರು ಬರಲೇಬೇಕು. ಜಾರಿಗೆ ತರೋಕೆ ರಾಜ್ಯಗಳಿಗೆ ಐದು ವರ್ಷದ ಗಡುವು. ಸರಿ. ಆದರೆ ದೌರ್ಜನ್ಯ ತಡೆ ಕಾಯ್ದೆಯ 3(1)ನೇ ಕಲಮು ತೆಗೆದು ನೋಡಿ. ಬಾಯಿಗೆ ಹೊಲಸು ತುರುಕಿದರೆ, ಬೆತ್ತಲೆ ಮೆರವಣಿಗೆ ಮಾಡಿದರೆ ಅದರಡಿ ಹೆಚ್ಚೆಂದರೆ ಐದೇ ವರ್ಷ. ಏಳರ ಗೆರೆ ಮುಟ್ಟೋದೇ ಇಲ್ಲ! ಅದೊಂದೇ ಕಲಮು ಬರೆದರೆ ತಜ್ಞರು ಬರೋ ಕಡ್ಡಾಯವಿಲ್ಲ. ನಮ್ಮ ಮಾನಕ್ಕೆ ಇಲ್ಲೂ ಊರಾಚೆಯ ಜಾಗವೇ.

ಅದಕ್ಕೇ ನಮ್ಮ ಹಕ್ಕೊತ್ತಾಯ: ದೌರ್ಜನ್ಯ ಕಾಯ್ದೆಯ ಪ್ರತಿ ಕೇಸಿಗೂ, ಶಿಕ್ಷೆ ಎಷ್ಟೇ ಇರಲಿ, ತಜ್ಞರು ಕೇರಿಗೆ ಬರಬೇಕು. ಬರದಂತೆ ನೋಡಿಕೊಂಡ ಅಧಿಕಾರಿಯ ಮೇಲೆ ಅದೇ ಕಾಯ್ದೆಯ 4ನೇ ಕಲಮು ಹೂಡಬೇಕು.

ಅಲ್ಲೀತನಕ ಕೈಕಟ್ಟಿ ಕೂರಬೇಡಿ. ಊರಿಂದ ಫೋನು ಬಂದ ಕೂಡಲೇ ಓಡಿ. ಆ ಜಾಗದ ಸುತ್ತ ಹಗ್ಗ ಕಟ್ಟಿ ಕಾವಲು ನಿಲ್ಲಿ. ಏನನ್ನೂ ಮುಟ್ಟಬೇಡಿ, ಯಾರನ್ನೂ ಮುಟ್ಟಗೊಡಬೇಡಿ. ದೂರದಿಂದಲೂ ಹತ್ತಿರದಿಂದಲೂ ಫೋಟೋ ತೆಗೆಯಿರಿ. ರಕ್ತದ ಬಟ್ಟೆಯನ್ನು ಪೊಲೀಸರು ಒದ್ದೆಯಾಗೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ತಡೆದು ಕೇಳಿ: ಕೊಳೆಯೋಲ್ಲವಾ? ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು. ಸೀಮೆಎಣ್ಣೆ ವಾಸನೆಯ ಬೂದಿಯಾದರೆ ಅದನ್ನು ಗಾಳಿಯಾಡದ ಡಬ್ಬಿಗೆ, ಇಲ್ಲದಿದ್ದರೆ ಎಣ್ಣೆ ಹಾರಿಹೋಗುತ್ತೆ. ಸೀಲು ಯಾರ ಮುಂದೆ ಹಾಕಿದರು, ಎಷ್ಟು ಹೊತ್ತಿಗೆ ಹಾಕಿದರು, ಎಲ್ಲ ಬರೆದಿಟ್ಟುಕೊಳ್ಳಿ. ಎಫ್‌ಐಆರ್ ನಕಲು ಪುಕ್ಕಟೆ ಕೊಡಬೇಕು, ಇಸ್ಕೊಳ್ಳಿ.

ನಾನು ಬಿಎ ಓದಿದವನು, ಪದ್ಯ ಬರೆಯೋನು. ನಮ್ಮಣ್ಣನ ಮೇಲೆ ಎಷ್ಟೋ ಪದ್ಯ ಬರೆದೆ, ಒಂದೂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಆ ದಿನ ಒಂದು ಸೀಸೆ ಬಾವಿನೀರು ಸೀಲಾಗಿದ್ದರೆ ನಿಲ್ಲುತ್ತಿತ್ತೋ ಏನೋ. ಸೈನ್ಸ್ ಓದೋ ತಮ್ಮಂದಿರೇ, ತಂಗಿಯರೇ, ಎಲ್ಲರೂ ಡಾಕ್ಟರು ಇಂಜಿನಿಯರು ಆಗೋದೇ ಬೇಡ. ಒಂದಿಬ್ಬರಾದರೂ ಆ ಪ್ರಯೋಗಾಲಯದೊಳಗೆ ಹೋಗಿ ಕೂರಿ. ನಮ್ಮ ಹೆಣಗಳು ಮಾತಾಡುವಾಗ ಕೇಳಿಸಿಕೊಳ್ಳೋಕೆ ನಮ್ಮದೂ ಒಂದು ಕಿವಿ ಅಲ್ಲಿರಲಿ.